ಗಾಳಕ್ಕೆ ಬಳಿದ ಗಂಧ



ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಬ್ಯಾಸ್ ಎಂಬ ಸಿಹಿನೀರಿನ ಮೀನನ್ನು ಗಾಳದಿಂದ ಹಿಡಿಯುವ ವಿನೋದಕ್ಕೆ ಮನಸೋತವರು ಲಕ್ಷಗಟ್ಟಲೆ ಇದ್ದಾರೆ. ಅವರಿಗೆ ಬೇಕಾದ ಸಲಕರಣೆಗಳನ್ನು ಮಾರುವ ಅಂಗಡಿಗಳಲ್ಲಿ ಕೋಲು, ರೀಲು, ನೂಲು, ಕೊಕ್ಕೆಗಳ ಸಾಲು ಮುಗಿದೊಡನೆ ಸಣ್ಣ ಸಣ್ಣ ಸೀಸೆಗಳ ಸಾಲೊಂದು ತೊಡಗುತ್ತದೆ. ಒಂದರಲ್ಲಿ ಬೆಳ್ಳುಳ್ಳಿಯ ಘಾಟು, ಇನ್ನೊಂದರಲ್ಲಿ ಸೋಂಪಿನೆಣ್ಣೆಯ ಪರಿಮಳ, ಮತ್ತೊಂದರಲ್ಲಿ ಕ್ರೇಫಿಶ್ ಎಂಬ, ಸೀಗಡಿಯನ್ನು ಹೋಲುವ ಜಲಚರವನ್ನು ಅರೆದು ತೆಗೆದ ಸತ್ತ್ವ. ಇವೆಲ್ಲವೂ ಮರದಿಂದಲೋ ಪ್ಲಾಸ್ಟಿಕ್ಕಿನಿಂದಲೋ ಮಾಡಿದ ಕೃತಕ ಎರೆಗೆ, ಎಂದರೆ ಹುಳುವಿನಂತೆ ಇಲ್ಲವೆ ಕಿರುಮೀನಿನಂತೆ ತೋರುವ ಗೊಂಬೆಗೆ, ನೀರಿಗೆಸೆಯುವ ಮುನ್ನ ಬಳಿಯತಕ್ಕ ದ್ರವ್ಯಗಳು. ಈ ಗಂಧಗಳು ನಿಜವಾಗಿಯೂ ಮೀನನ್ನು ಕರೆಯುತ್ತವೆಯೆ, ಕರೆಯದಿದ್ದರೆ ಮತ್ತಾವ ಕಾರ್ಯವನ್ನು ಸಾಧಿಸುತ್ತವೆ ಎಂಬುದು ಇಂದಿನ ಭಾಷಣದ ವಿಷಯ. ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇನೆ: ಬ್ಯಾಸ್ ಮೀನನ್ನು ದೂರದಿಂದ ಬರಮಾಡಿಕೊಳ್ಳುವುದು ಗಂಧದ ಕೆಲಸವಲ್ಲ, ಬಂದು ಬಾಯಿಗೆ ಹಾಕಿಕೊಂಡ ಮೀನು ಎರೆಯನ್ನು ಒಡನೆಯೆ ಉಗುಳದಂತೆ ತಡೆಯುವುದೇ ಅದರ ಮುಖ್ಯವಾದ ಉಪಯೋಗ. ಅಂಗಡಿಯವರ ಹೊಗಳಿಕೆಗಿಂತ ಇದು ಚಿಕ್ಕ ಮಾತಾಗಿ ಕಂಡರೂ, ಇದರ ಹಿಂದಿರುವ ಪ್ರಾಣಿಶಾಸ್ತ್ರವು ಆ ಹೊಗಳಿಕೆಗಿಂತ ಬಹಳ ಹೆಚ್ಚು ಸ್ವಾರಸ್ಯಕರವಾದುದು.

ಮೊದಲು ಈ ಮೀನಿನ ಪರಿಚಯವಾಗಬೇಕು. ಬ್ಯಾಸ್ ಜಾತಿಗಳಲ್ಲಿ ಹೆಚ್ಚು ಪ್ರಸಿದ್ಧವಾದ ಲಾರ್ಜ್‌ಮೌತ್ ಬ್ಯಾಸ್ ಉತ್ತರ ಅಮೆರಿಕೆಯ ಮಿಸಿಸಿಪಿ ನದೀಮಂಡಲ, ಮಹಾಸರೋವರಗಳ ಪ್ರಾಂತ, ಆಗ್ನೇಯದ ಕೆರೆ ಹೊಳೆಗಳು ಇವುಗಳ ಮೂಲನಿವಾಸಿ. ಫ್ರಾನ್ಸಿನ ಲಾಸೆಪೇದ್ ಎಂಬ ಪ್ರಾಣಿಶಾಸ್ತ್ರಜ್ಞನು 1802ರಲ್ಲಿ ಅದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಬಾಯಿಯ ಸಂದು ಕಣ್ಣಿನಿಂದ ಹಿಂದಕ್ಕೂ ಚಾಚಿರುವ ಅಗಲವಾದ ದವಡೆ, ಹಸಿರುಮಿಶ್ರಿತ ಮೈಬಣ್ಣ, ಪಕ್ಕೆಯುದ್ದಕ್ಕೂ ಹರಿದ ಕಪ್ಪುಪಟ್ಟಿ, ಇವು ಅದರ ಗುರುತುಗಳು. ಜಾರ್ಜಿಯ ಸಂಸ್ಥಾನದ ಮಾಂಟ್ಗೊಮರಿ ಸರೋವರದಲ್ಲಿ ಜಾರ್ಜ್ ಪೆರ್ರಿ ಎಂಬಾತನು 1932ರ ಜೂನ್ 2ರಂದು ಹಿಡಿದ 22 ಪೌಂಡು 4 ಔನ್ಸಿನ, ಎಂದರೆ ಹತ್ತು ಕಿಲೋಗ್ರಾಮಿಗೆ ತುಸು ಮಿಕ್ಕ ತೂಕದ, ಮೀನಿಗೆ ಸಾಟಿಯಾದುದೊಂದು ದೊರೆತದ್ದು 2009ರಲ್ಲಿ. ಅದೂ ಅಮೆರಿಕೆಯಲ್ಲಲ್ಲ, 1925ರಲ್ಲಿ ಈ ಮೀನನ್ನು ತಂದು ಬಿಟ್ಟುಕೊಂಡ ಜಪಾನ್ ದೇಶದ ಬಿವಾ ಸರೋವರದಲ್ಲಿ, ಮನಾಬು ಕುರಿತಾ ಎಂಬವರ ಗಾಳಕ್ಕೆ. ಆದರೆ ನಮ್ಮ ಪ್ರಕೃತ ವಿಷಯಕ್ಕೆ ಅದರ ಗಾತ್ರಕ್ಕಿಂತ ನಡವಳಿಕೆಯೇ ಮುಖ್ಯ. ಬ್ಯಾಸ್ ಅಲೆದಾಡಿ ಆಹಾರವನ್ನು ಹುಡುಕುವುದಕ್ಕಿಂತ ಹೆಚ್ಚಾಗಿ, ಜಲಸಸ್ಯಗಳ ಮರೆಯಲ್ಲಿಯೋ ನೀರಿಗುರುಳಿದ ಮರದ ಕೊಂಬೆಗಳ ನೆರಳಿನಲ್ಲಿಯೋ ಹೊಂಚಿ ನಿಂತು, ಎದುರಿಗೆ ಸುಳಿದುದರ ಮೇಲೆ ಥಟ್ಟನೆ ಎರಗುವ ಬೇಟೆಗಾರ. ಕಣ್ಣು ಅದರ ಪ್ರಥಮ ಸಾಧನ. ನೀರಿನ ಸೂಕ್ಷ್ಮಕಂಪನಗಳನ್ನು ಗ್ರಹಿಸುವ, ಮೈಯ ಇಕ್ಕೆಲಗಳಲ್ಲಿರುವ ಪಾರ್ಶ್ವರೇಖೆಯು ಅದಕ್ಕೆ ಒತ್ತಾಸೆ. ಮೂಗು ಇಲ್ಲವೆಂದಲ್ಲ, ಆದರೆ ಬೇಟೆಯ ಮೊದಲ ಘಟ್ಟದಲ್ಲಿ ಅದರ ಸ್ಥಾನ ಹಿಂದಿನ ಸಾಲಿನಲ್ಲಿ.

ಎರೆಗೆ ಪರಿಮಳ ಬಳಿಯುವ ಅಭ್ಯಾಸವು ಈಚಿನದಲ್ಲ. ಇಂಗ್ಲೆಂಡಿನ ಐಸಾಕ್ ವಾಲ್ಟನ್ನನು 1653ರಲ್ಲಿ ಪ್ರಕಟಿಸಿದ ಗಾಳವಿದ್ಯೆಯ ಗ್ರಂಥದಲ್ಲಿ, ಐವಿ ಬಳ್ಳಿಯ ಹಣ್ಣಿನ ಎಣ್ಣೆಯ ಎರಡು ಮೂರು ಹನಿಗಳನ್ನು ಪೆಟ್ಟಿಗೆಗೆ ಸವರಿ, ಅದರಲ್ಲಿ ಹುಳುಗಳನ್ನು ಕೆಲಹೊತ್ತು ಇಟ್ಟು, ಆಮೇಲೆ ಗಾಳಕ್ಕೆ ಸಿಕ್ಕಿಸುತ್ತಿದ್ದ ಪ್ರವೀಣನೊಬ್ಬನ ಪ್ರಸ್ತಾಪವಿದೆ. ಅದಕ್ಕೂ ಐದು ಶತಮಾನಗಳಷ್ಟು ಹಿಂದೆ ನಮ್ಮ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದ್ದು, ಮೀನುಗಳ ಜಾತಿಭೇದವನ್ನೂ ಆಯಾ ಜಾತಿಗೆ ಒಗ್ಗುವ ಮೇವನ್ನೂ ಗಾಳದ ಉಪಕರಣಗಳನ್ನೂ ವಿವರಿಸಲಾಗಿದೆಯೆಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯಬಹುದು, ಭಾರತೀಯ ಪ್ರಾಣಿಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು ಆ ಪ್ರಕರಣವನ್ನು ವಿಜ್ಞಾನಿಯ ಕಣ್ಣಿನಿಂದ ಪರಿಶೀಲಿಸಿ ಬರೆದಿದ್ದಾರೆ. ಒಂದೊಂದು ಮೀನಿಗೆ ಒಂದೊಂದು ಮೇವು ಎಂಬ ಆ ವಿವೇಕವೇ ಇಂದಿನ ಚರ್ಚೆಗೂ ಬುನಾದಿ.

ಅಮೆರಿಕೆಯಲ್ಲಿ ಈ ಪ್ರಶ್ನೆ ವಿಶೇಷವಾಗಿ ತಲೆದೋರಿದ್ದು ಕೃತಕ ಎರೆಯಿಂದಾಗಿ. ಮರದ ಮೀನು, ಲೋಹದ ತಗಡು, ಉಪ್ಪುನೀರಿನ ಭರಣಿಯಲ್ಲಿ ಇಟ್ಟು ಬಳಸುತ್ತಿದ್ದ ಹಂದಿಯ ಚರ್ಮದ ಪಟ್ಟಿ, ಇವೆಲ್ಲ ಮೊದಲಿನಿಂದ ಇದ್ದವು. 1949ರಲ್ಲಿ ಒಹಾಯೊ ಸಂಸ್ಥಾನದ ಆಕ್ರನ್ ಪಟ್ಟಣದ ನಿಕ್ ಕ್ರೀಮ್ ಎಂಬ ಯಂತ್ರಕುಶಲಿಯು ತನ್ನ ಪತ್ನಿಯೊಡನೆ ಮನೆಯಲ್ಲಿಯೆ ವಿನೈಲ್ ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿಗೆರೆದು ಮೆತ್ತನೆಯ ಎರೆಹುಳುವನ್ನು ನಿರ್ಮಿಸಿದಂದಿನಿಂದ ಈ ವಿನೋದದ ಸ್ವರೂಪವೇ ಬದಲಾಯಿತು. ಮುಟ್ಟಿದರೆ ಜೀವಂತ ಹುಳುವಿನಂತೆಯೆ ಬಾಗುವ, ಬಳುಕುವ ಈ ವಸ್ತುವಿಗೆ ಇಲ್ಲದಿದ್ದುದೊಂದೇ, ಜೀವಂತ ಹುಳುವಿನ ವಾಸನೆ ಮತ್ತು ರುಚಿ. 1967ರಲ್ಲಿ ಆರ್ಕನ್ಸಾ ಸಂಸ್ಥಾನದ ಬೀವರ್ ಸರೋವರದಲ್ಲಿ ರೇ ಸ್ಕಾಟ್ ಎಂಬವರು ಏರ್ಪಡಿಸಿದ ಪಂದ್ಯದಿಂದ ಮುಂದಕ್ಕೆ ಬ್ಯಾಸ್ ಹಿಡಿಯುವುದು ದೊಡ್ಡ ಬಹುಮಾನಗಳ ಸ್ಪರ್ಧೆಯಾಗಿ ಬೆಳೆಯಿತು. ಅಂತಹ ಸ್ಪರ್ಧೆಗಳಲ್ಲಿ ಜೀವಂತ ಎರೆ ನಿಷಿದ್ಧ. ಜೀವವಿರುವುದನ್ನು ಬಳಸಲಾಗದೆ ಹೋದಾಗ, ಜೀವವಿಲ್ಲದುದಕ್ಕೆ ಜೀವದ ಗುಣವನ್ನು ತುಂಬುವ ಆಸೆ ಬಲವಾದುದು ಸಹಜವೇ ಸರಿ. ಮೊದಲು ಪ್ಲಾಸ್ಟಿಕ್ಕಿಗೆ ಉಪ್ಪನ್ನು ಬೆರೆಸಿದರು. 1980ರ ದಶಕದ ಕೊನೆಯ ಹೊತ್ತಿಗೆ ಅಯೋವಾ ಸಂಸ್ಥಾನದ ಸ್ಪಿರಿಟ್ ಲೇಕ್ ಎಂಬ ಊರಿನ ಬರ್ಕ್ಲಿ ಸಂಸ್ಥೆಯವರು ರಸಾಯನಜ್ಞರನ್ನೂ ಪ್ರಾಣಿಶಾಸ್ತ್ರಜ್ಞರನ್ನೂ ನಿಯಮಿಸಿಕೊಂಡು, ತೊಟ್ಟಿಗಳಲ್ಲಿ ಮೀನುಗಳನ್ನು ಸಾಕಿ, ಯಾವ ರುಚಿಗೆ ಅವು ಹೇಗೆ ವರ್ತಿಸುತ್ತವೆಯೆಂಬುದನ್ನು ಪರೀಕ್ಷಿಸಿ ಎರೆಗಳನ್ನು ತಯಾರಿಸತೊಡಗಿದರು. ಆ ಪ್ರಯೋಗಶಾಲೆಯಲ್ಲಿ ದುಡಿದ ಕೀತ್ ಜೋನ್ಸ್ ಎಂಬ ವಿಜ್ಞಾನಿ 2002ರಲ್ಲಿ ಪ್ರಕಟಿಸಿದ ಪುಸ್ತಕವು ಬ್ಯಾಸ್ ಮೀನಿನ ಇಂದ್ರಿಯಗಳನ್ನು ಕುರಿತು ಜನಸಾಮಾನ್ಯರಿಗೆ ತಿಳಿಯುವಂತೆ ಬರೆದ ಗ್ರಂಥಗಳಲ್ಲಿ ಶ್ಲಾಘ್ಯವಾದುದು.

ಇನ್ನು ಮೀನಿನ ಮೂಗಿನ ವಿಚಾರ. ಮನುಷ್ಯನಿಗೆ ಮೂಗಿಗೂ ಉಸಿರಿಗೂ ಅವಿನಾಭಾವ ಸಂಬಂಧ. ಮೂಗಿನ ಹಿಂಬದಿಯು ಗಂಟಲಿಗೆ ತೆರೆದಿರುವುದರಿಂದ ನಾವು ತಿನ್ನುವ ಪದಾರ್ಥದ ರುಚಿಯಲ್ಲಿ ಅರ್ಧಕ್ಕರ್ಧ ವಾಸನೆಯೇ ಬೆರೆತಿರುತ್ತದೆ. ಬ್ಯಾಸ್ ಮೊದಲಾದ ಮೀನುಗಳಲ್ಲಿ ಹಾಗಿಲ್ಲ. ಉಸಿರಾಟವೆಲ್ಲ ಕಿವಿರುಗಳದು; ಮೂಗು ಗಂಟಲಿಗೆ ತೆರೆಯದ ಬೇರೆಯೆ ಒಂದು ಕುಹರ. ಮೂತಿಯ ಒಂದೊಂದು ಪಾರ್ಶ್ವದಲ್ಲಿಯೂ ಎರಡೆರಡು ರಂಧ್ರಗಳಿದ್ದು, ಮುಂದಿನದರಿಂದ ಒಳಹೊಕ್ಕ ನೀರು ಹಿಂದಿನದರಿಂದ ಹೊರಬೀಳುತ್ತದೆ. ನಡುವೆ ಹೂವಿನ ದಳಗಳಂತೆ ಮಡಿಕೆಮಡಿಕೆಯಾದ ಘ್ರಾಣಪಟಲವು ಆ ನೀರಿನಲ್ಲಿ ಕರಗಿರುವುದನ್ನು ಪರೀಕ್ಷಿಸುತ್ತದೆ. ಕರಗಿರುವುದು ಎಂಬುದಕ್ಕೆ ಒತ್ತು ಕೊಟ್ಟು ಹೇಳಬೇಕಾಗಿದೆ. ನಮ್ಮ ಮೂಗಿಗೆ ತಟ್ಟಬೇಕಾದರೆ ಪದಾರ್ಥವು ಆವಿಯಾಗಿ ಗಾಳಿಯಲ್ಲಿ ಹರಡಬೇಕು. ಮೀನಿನ ಮೂಗಿಗೆ ತಟ್ಟಬೇಕಾದರೆ ಅದು ನೀರಿನಲ್ಲಿ ಕರಗಬೇಕು. ಸೀಸೆಯ ಬಿರಡೆಯನ್ನು ತೆಗೆದೊಡನೆ ಮನುಷ್ಯನು ಮುಖ ಸಿಂಡರಿಸುವಂತೆ ಮಾಡುವ ಎಣ್ಣೆಯು ನೀರಿನಲ್ಲಿ ಬೆರೆಯದೆ ತೊಟ್ಟುತೊಟ್ಟಾಗಿ ಮೇಲೆ ತೇಲಿಹೋದರೆ, ಮೀನಿನ ಪಾಲಿಗೆ ಅದು ಇದ್ದೂ ಇಲ್ಲದಂತೆಯೆ. ಇದಕ್ಕೆ ವಿರುದ್ಧವಾಗಿ, ಪ್ರಾಣಿಗಳ ಮಾಂಸರಸದಲ್ಲಿ ವಿಪುಲವಾಗಿರುವ ಅಮೈನೋ ಆಮ್ಲಗಳಲ್ಲಿ ಅನೇಕವು ನಮಗೆ ಪರಿಮಳವೆಂದೇ ತೋರುವುದಿಲ್ಲ. ಮೀನುಗಳಿಗಾದರೋ ಅವೇ ಆಹಾರದ ಪ್ರಬಲವಾದ ಸೂಚನೆಗಳು. ಅಮೆರಿಕೆಯ ಕ್ಯಾಟ್‌ಫಿಶ್ ಎಂಬ ಮೀಸೆಯ ಮೀನು ಈ ವಿಷಯದಲ್ಲಿ ಅದ್ವಿತೀಯ. ಇಪ್ಪತ್ತೈದು ಮೀಟರು ಉದ್ದ, ಇಪ್ಪತ್ತು ಮೀಟರು ಅಗಲ, ಎರಡು ಮೀಟರು ಆಳದ ಒಂದು ಕಲ್ಯಾಣಿಯ ನೀರಿನಲ್ಲಿ ಒಂದೇ ಒಂದು ಗ್ರಾಮು ಅಲನಿನ್ ಎಂಬ ಅಮೈನೋ ಆಮ್ಲವನ್ನು ಸಮನಾಗಿ ಬೆರೆಸಿದರೂ ಅದರ ಇರವನ್ನು ಗುರುತಿಸಬಲ್ಲಷ್ಟು ಸೂಕ್ಷ್ಮತೆ ಅದರ ಘ್ರಾಣಕ್ಕೆ ಉಂಟು. ಇದಲ್ಲದೆ ಅದರ ಮೀಸೆ, ತುಟಿಗಳ ಮೇಲೆ ಮಾತ್ರವಲ್ಲ, ಮೈಯ ಚರ್ಮದ ಮೇಲೆಲ್ಲ ಲಕ್ಷಕ್ಕೂ ಮಿಕ್ಕಿ ರುಚಿಮೊಗ್ಗುಗಳಿವೆ. ಕದಡಿದ ಹೊಳೆಯ ತಳದಲ್ಲಿ, ಕತ್ತಲೆಯಲ್ಲಿ, ಬದುಕುವ ಮೀನಿಗೆ ಇದು ಪ್ರಕೃತಿಯ ವರ. ತಿಳಿನೀರಿನಲ್ಲಿ ಕಣ್ಣಿನಿಂದ ಬೇಟೆಯಾಡುವ ಬ್ಯಾಸ್ ಮೀನಿಗೆ ಆ ಪ್ರಮಾಣದ ಅವಶ್ಯಕತೆಯಿಲ್ಲ. ಕ್ಯಾಟ್‌ಫಿಶ್ಶಿಗೆ ಸಲ್ಲುವ ದುರ್ಗಂಧದ ಉಂಡೆಗಳ ಯಶಸ್ಸನ್ನು ನೋಡಿ ಅದೇ ನ್ಯಾಯವನ್ನು ಬ್ಯಾಸ್ ಮೀನಿಗೂ ಅನ್ವಯಿಸುವುದು ಸರಿಯಲ್ಲ.

ಗಂಧವು ದೂರದ ಮೀನನ್ನು ಕರೆಯುತ್ತದೆಂಬ ನಂಬಿಕೆಗೆ ಇನ್ನೊಂದು ಅಡ್ಡಿ ನೀರಿನ ಗುಣದಲ್ಲಿಯೆ ಅಡಗಿದೆ. ಗಾಳಿಯಲ್ಲಿ ಅಣುಗಳು ಹರಡುವ ವೇಗಕ್ಕೂ ನೀರಿನಲ್ಲಿ ಹರಡುವ ವೇಗಕ್ಕೂ ಸುಮಾರು ಹತ್ತು ಸಾವಿರ ಪಟ್ಟಿನ ಅಂತರವಿದೆ. ಕಿಂಚಿತ್ತೂ ಕಲಕದ ಜಲದಲ್ಲಿ ಕರಗಿದ ಪದಾರ್ಥವೊಂದು ತಾನೇ ತಾನಾಗಿ ಒಂದು ಗೇಣು ದೂರ ಸರಿಯಬೇಕಾದರೆ ತಿಂಗಳುಗಳೇ ಹಿಡಿಯುತ್ತವೆ. ಆದುದರಿಂದ ನೀರಿನಲ್ಲಿ ವಾಸನೆಯ ಪ್ರಸಾರವೆಲ್ಲ ಪ್ರವಾಹದ ಕೃಪೆ. ಪ್ರವಾಹವು ಎತ್ತ ಒಯ್ಯುವುದೋ ಅತ್ತಲೆ ಅದು ಒಂದು ಸಣ್ಣ ಜಾಡಾಗಿ ಹೋಗುತ್ತದೆ. ಈಗ ಬ್ಯಾಸ್ ಹಿಡಿಯುವವನು ಮಾಡುವುದೇನು? ಮರದ ಮೀನನ್ನೋ ತಿರುಗುವ ತಗಡನ್ನೋ ಎಸೆದು ಸರಸರನೆ ತನ್ನ ಕಡೆಗೆ ಸುತ್ತಿಕೊಳ್ಳುತ್ತಾನೆ. ಬಳಿದ ಗಂಧದ ಜಾಡು ಎರೆಯ ಹಿಂದೆ ಉಳಿಯುತ್ತದೆ. ಹೊಂಚಿ ನಿಂತ ಮೀನು ಎರಗುವುದು ಮುಂದಿನಿಂದ ಇಲ್ಲವೆ ಪಕ್ಕದಿಂದ. ನಿರ್ಣಯವನ್ನು ಕೈಕೊಳ್ಳಲು ಅದಕ್ಕಿರುವ ಕಾಲವೂ ಕ್ಷಣಾರ್ಧ ಮಾತ್ರ. ಇಂತಹ ವೇಗದ ಎರೆಗಳಿಗೆ ಗಂಧವನ್ನು ಬಳಿಯುವುದು ಬಹುಮಟ್ಟಿಗೆ ವ್ಯರ್ಥವೆಂದೇ ನನ್ನ ತೀರ್ಮಾನ.

ಹಾಗೆಂದು ಮೀನುಗಳ ಜೀವನದಲ್ಲಿ ಘ್ರಾಣದ ಮಹತ್ತ್ವವನ್ನು ಅಲ್ಲಗಳೆಯುವಂತಿಲ್ಲ. ಸಮುದ್ರಕ್ಕೆ ಹೋಗಿ ವರ್ಷಗಳ ತರುವಾಯ ತಾನು ಹುಟ್ಟಿದ ತೊರೆಗೇ ಹಿಂದಿರುಗುವ ಸಾಲ್ಮನ್ ಮೀನು ಆ ತೊರೆಯ ವಾಸನೆಯನ್ನು ನೆನಪಿಟ್ಟುಕೊಂಡಿರುವುದೆಂಬ ಸಿದ್ಧಾಂತವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಆರ್ಥರ್ ಹಾಸ್ಲರ್ ಮತ್ತು ವಾರೆನ್ ವಿಸ್ಬಿ 1951ರಲ್ಲಿ ಮಂಡಿಸಿದರು; ಮುಂದೆ ಮರಿಗಳಿಗೆ ಮಾರ್ಫೊಲಿನ್ ಎಂಬ ಕೃತಕ ದ್ರವ್ಯದ ವಾಸನೆಯನ್ನು ರೂಢಿಸಿ, ಬೆಳೆದ ಮೇಲೆ ಅದೇ ದ್ರವ್ಯವನ್ನು ತೊಟ್ಟಿಕ್ಕಿಸಿದ ತೊರೆಗೆ ಅವು ಬರುವುದನ್ನು ಹಾಸ್ಲರರೂ ಅವರ ಶಿಷ್ಯರೂ ತೋರಿಸಿಕೊಟ್ಟರು. ಮನುಷ್ಯ, ಕರಡಿ ಮೊದಲಾದ ಪ್ರಾಣಿಗಳ ಚರ್ಮದಿಂದ ನೀರಿಗೆ ಸೇರುವ ಸೆರಿನ್ ಎಂಬ ಅಮೈನೋ ಆಮ್ಲವು ಹೊಳೆಯೇರುವ ಸಾಲ್ಮನ್ನನ್ನು ಬೆದರಿಸುವುದೂ 1950ರ ದಶಕದಲ್ಲಿ ಕಂಡುಬಂತು. ಗಾಳಿಗರು, ಎಂದರೆ ಗಾಳ ಹಾಕುವವರು, ತಮ್ಮ ಕೈವಾಸನೆಯನ್ನು ಮರೆಸಲು ಗಂಧದ್ರವ್ಯಗಳನ್ನು ಬಳಸುವುದಕ್ಕೆ ಈ ಸಾಲ್ಮನ್ನಿನ ವೃತ್ತಾಂತವೇ ಆಧಾರ. ಅದನ್ನು ಹಾಗೆಯೆ ಬ್ಯಾಸ್ ಮೀನಿಗೂ ಹೊಂದಿಸಲಾಗದಾದರೂ, ಪೆಟ್ರೋಲು, ತಂಬಾಕು, ಸೊಳ್ಳೆಗೆ ಹಚ್ಚುವ ಔಷಧ ಇವನ್ನು ಮುಟ್ಟಿದ ಕೈಯನ್ನು ತೊಳೆದುಕೊಂಡು ಎರೆಯನ್ನು ಹಿಡಿಯುವುದರಿಂದ ನಷ್ಟವೇನೂ ಇಲ್ಲ. ಜೇನುಹುಳುಗಳ ನೃತ್ಯವನ್ನು ಬಿಡಿಸಿ 1973ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಕಾರ್ಲ್ ಫಾನ್ ಫ್ರಿಶ್ ಅವರೇ, ಗಾಯಗೊಂಡ ಕಿರುಮೀನಿನ ಚರ್ಮದಿಂದ ಹೊರಸೂಸುವ ದ್ರವ್ಯವೊಂದು ಅದರ ಬಳಗದವರನ್ನೆಲ್ಲ ಭಯದಿಂದ ಚದುರಿಸುವುದನ್ನು 1930ರ ದಶಕದಲ್ಲಿ ಕಂಡುಹಿಡಿದರು. ಆ ಭಯದ್ರವ್ಯವೇ ಕೆಲವು ಹಿಂಸ್ರ ಮೀನುಗಳಿಗೆ ಆಹಾರದ ಆಮಂತ್ರಣವೂ ಆಗುವುದೆಂದು ಈಚಿನ ಪ್ರಯೋಗಗಳು ತಿಳಿಸುತ್ತವೆ.

ಇಷ್ಟೆಲ್ಲ ಹೇಳಿದ ಮೇಲೆ ಗಂಧವು ಬ್ಯಾಸ್ ಮೀನಿನ ವಿಷಯದಲ್ಲಿ ಎಲ್ಲಿ ಫಲಕಾರಿಯಾಗುತ್ತದೆಂಬುದಕ್ಕೆ ಬರೋಣ. ಬ್ಯಾಸ್ ಆಹಾರವನ್ನು ಕಚ್ಚುವುದಿಲ್ಲ, ಹೀರುತ್ತದೆ. ದವಡೆಯನ್ನು ಮುಂಚಾಚಿ, ಬಾಯಿಯನ್ನೂ ಕಿವಿರು ಮುಚ್ಚಳಗಳನ್ನೂ ಒಮ್ಮೆಗೇ ಅರಳಿಸಿದಾಗ ಉಂಟಾಗುವ ಸೆಳೆತಕ್ಕೆ ಸಿಕ್ಕಿ, ಎದುರಿನ ನೀರಿನೊಂದಿಗೆ ಬಲಿಯೂ ಒಳಸೇರುತ್ತದೆ. ನೀರು ಕಿವಿರಿನಿಂದ ಹೊರಟುಹೋಗುತ್ತದೆ, ಬಲಿ ಬಾಯಲ್ಲಿ ಉಳಿಯುತ್ತದೆ. ಒಳಗೆ ತುಟಿ, ಅಂಗುಳು, ಗಂಟಲುಗಳಲ್ಲಿರುವ ರುಚಿಮೊಗ್ಗುಗಳೂ ಸ್ಪರ್ಶಜ್ಞಾನವೂ ಒಡನೆಯೆ ತೀರ್ಪು ಕೊಡುತ್ತವೆ. ಕಲ್ಲೋ ಕಡ್ಡಿಯೋ ಆಗಿದ್ದರೆ, ಹೀರಿದಷ್ಟೇ ಶೀಘ್ರವಾಗಿ ಉಗುಳಿಬಿಡುತ್ತದೆ. ಕೋಲನ್ನು ಹಿಡಿದು ಮೇಲೆ ನಿಂತ ಮನುಷ್ಯನಿಗೆ ಎಷ್ಟೋ ಸಲ ಈ ವ್ಯವಹಾರದ ಸುಳಿವೇ ಹತ್ತುವುದಿಲ್ಲ. ನೂಲಿನಲ್ಲಿ ಒಂದು ಸಣ್ಣ ಅಲುಗಾಟ, ಅಷ್ಟೆ. ಅಡುಗೆಮನೆಯಿಂದ ಬಂದ ಸಾರಿನ ಘಮವು ಊಟಕ್ಕೆ ಕರೆಯಬಹುದಾದರೂ, ಎಲೆಯ ಮುಂದೆ ಕುಳಿತವನು ಎರಡನೆಯ ಸಲ ಬಡಿಸಿಕೊಳ್ಳುವುದು ನಾಲಗೆಯ ಅಪ್ಪಣೆಯಿಂದಲೇ ಅಲ್ಲವೆ? ಪ್ಲಾಸ್ಟಿಕ್ ಹುಳುವಿನಲ್ಲಿ ಉಪ್ಪೋ ಮಾಂಸಸತ್ತ್ವವೋ ಇದ್ದು ಅದು ಮೀನಿನ ಬಾಯಲ್ಲಿ ಒಸರಿದರೆ, ಉಗುಳುವ ತೀರ್ಪು ಕೆಲವು ಕ್ಷಣಗಳಷ್ಟು ಮುಂದಕ್ಕೆ ಹೋಗುತ್ತದೆ. ಆ ಕ್ಷಣಗಳಲ್ಲಿ ಗಾಳಿಗನು ನೂಲಿನ ಬಿಗಿತವನ್ನು ಅರಿತು ಕೋಲನ್ನು ಮೇಲೆತ್ತಬಹುದು. ಪ್ರಯೋಗಶಾಲೆಯ ತೊಟ್ಟಿಗಳಲ್ಲಿ ರುಚಿಯಿಲ್ಲದ ಎರೆಗಿಂತ ರುಚಿಯುಳ್ಳ ಎರೆಯನ್ನು ಮೀನು ಹೆಚ್ಚು ಕಾಲ ಬಾಯಲ್ಲಿಟ್ಟುಕೊಂಡಿರುವುದು ಸ್ಪಷ್ಟವಾಗಿ ಕಂಡುಬಂದಿದೆ. ಗಂಧವೆಂದು ಮಾರಲ್ಪಡುವ ಇದು ವಸ್ತುತಃ ರಸ. ಮೂಗಿಗಿಂತ ನಾಲಗೆಗೆ ಸಂಬಂಧಿಸಿದ್ದು.

ಈ ತತ್ತ್ವವನ್ನು ಹಿಡಿದು ನಡೆದರೆ ಪ್ರಯೋಗದ ದಾರಿ ಸುಲಭವಾಗಿ ತಿಳಿಯುತ್ತದೆ. ತಳದಲ್ಲಿ ಮೆಲ್ಲಮೆಲ್ಲನೆ ಎಳೆಯುವ, ಅಥವಾ ಕೆಲಕಾಲ ಸುಮ್ಮನೆ ಬಿಟ್ಟಿರುವ ಮೆತ್ತನೆಯ ಹುಳುವಿಗೆ ಗಂಧವು ಸಾರ್ಥಕ. ಮಳೆಯಿಂದ ಕದಡಿದ ನೀರು, ರಾತ್ರಿಯ ಕತ್ತಲೆ, ದಟ್ಟವಾದ ಕಳೆ, ಇಂತಹ ಸಂದರ್ಭಗಳಲ್ಲಿ ಕಣ್ಣಿನ ಅಧಿಕಾರ ಕುಗ್ಗಿದಷ್ಟೂ ಇತರ ಇಂದ್ರಿಯಗಳ ಪಾಲು ಹೆಚ್ಚುತ್ತದೆ. ಚಳಿಗಾಲದ ತಣ್ಣೀರಿನಲ್ಲಿ ಶೀತರಕ್ತದ ಪ್ರಾಣಿಯಾದ ಬ್ಯಾಸ್ ಮಂದವಾಗಿ, ಎರೆಯನ್ನು ಹತ್ತಿರದಿಂದ ಬಹುಹೊತ್ತು ಪರೀಕ್ಷಿಸಿ ಆಮೇಲೆ ತೆಗೆದುಕೊಳ್ಳುವುದುಂಟು. ಆಗಲೂ ಗಂಧ ನೆರವಾದೀತು. ದ್ರವ್ಯವನ್ನು ಆರಿಸುವಾಗ ನಮ್ಮ ಮೂಗನ್ನು ಪ್ರಮಾಣವಾಗಿ ಇಟ್ಟುಕೊಳ್ಳದೆ, ಅದು ನೀರಿನಲ್ಲಿ ಕರಗುವುದೇ ಎಂಬುದನ್ನು ಬಟ್ಟಲಿನ ನೀರಿಗೆ ಒಂದು ಹನಿ ಹಾಕಿ ನೋಡುವುದು ಮೇಲು. ವಿನೈಲ್ ಪ್ಲಾಸ್ಟಿಕ್ಕು ಎಣ್ಣೆಯ ಸ್ವಭಾವದ ವಸ್ತು. ನೀರಿನಲ್ಲಿ ಕರಗುವ ಸತ್ತ್ವವು ಅದರೊಳಗೆ ಸೇರುವುದೂ ಅದರಿಂದ ಹೊರಬರುವುದೂ ಕಷ್ಟ. ಈ ತೊಡಕನ್ನು ನೀಗುವುದಕ್ಕಾಗಿಯೆ ವಿನೈಲನ್ನು ಬಿಟ್ಟು ನೀರನ್ನೇ ಆಧಾರವಾಗಿ ಮಾಡಿಕೊಂಡ, ರಸದಲ್ಲಿ ನೆನೆದಿರುವ ಎರೆಗಳು ಈಚೆಗೆ ಬಂದಿವೆ. ಅವು ಸತ್ತ್ವವನ್ನು ಧಾರಾಳವಾಗಿ ಬಿಡುತ್ತವೆ, ಆದರೆ ಕೊಕ್ಕೆಯಲ್ಲಿಯೆ ಬಿಸಿಲಿಗೆ ಬಿಟ್ಟರೆ ಒಣಗಿ ಕೊರಡಿನಂತಾಗುತ್ತವೆ. ಎಣ್ಣೆ ಬಳಿದ ಎರೆಯಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳಲಾರೆ. ಅದು ಹುಳುವನ್ನು ನುಣುಪಾಗಿಸಿ ಕಳೆಯ ನಡುವೆ ಜಾರಿಹೋಗುವಂತೆ ಮಾಡುತ್ತದೆ, ಬಳಸುವವನಿಗೆ ಧೈರ್ಯವನ್ನೂ ಕೊಡುತ್ತದೆ. ಧೈರ್ಯವುಳ್ಳವನು ನಿಧಾನವಾಗಿ, ಗಮನವಿಟ್ಟು ಎಳೆಯುತ್ತಾನೆ. ಗಂಧಕ್ಕೆ ಸಲ್ಲಿಸುವ ಕೀರ್ತಿಯಲ್ಲಿ ಒಂದು ಪಾಲು ಈ ನಿಧಾನಕ್ಕೆ ಸಲ್ಲತಕ್ಕದ್ದು.

ನಮ್ಮ ಕಾವೇರಿಯ ಮಹಶೀರ್ ಮೀನಿನ ಗಾಳವಿದ್ಯೆಯನ್ನು ಇಲ್ಲಿ ಹೋಲಿಸಿ ನೋಡುವುದು ಉಚಿತ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರನ್ನು ಹಿಡಿದುದು ಗಾಳಿಗರ ಚರಿತ್ರೆಯಲ್ಲಿ ಪ್ರಸಿದ್ಧ. ಕಾವೇರಿ ತೀರದ ಭೀಮೇಶ್ವರಿ, ಗಾಲಿಬೋರೆಗಳ ಕಡೆ ಈ ಮೀನಿಗೆ ಒಡ್ಡುತ್ತಿದ್ದ ಎರೆಗಳಲ್ಲಿ ಮುಖ್ಯವಾದುದು ರಾಗಿಹಿಟ್ಟನ್ನು ಮಸಾಲೆಯೊಡನೆ ನಾದಿ ಬೇಯಿಸಿದ ಉಂಡೆ. ಮಹಶೀರ್ ಕೆಂಡೆಮೀನಿನ ವಂಶದ್ದು. ಅದಕ್ಕೆ ಎರಡು ಜೊತೆ ಮೀಸೆಗಳಿವೆ, ಹೊಳೆಯ ತಳದಲ್ಲಿ ಬಿದ್ದುದನ್ನು ಮೂಸಿ ರುಚಿ ನೋಡಿ ತಿನ್ನುವ ಅಭ್ಯಾಸವಿದೆ. ಕೊಕ್ಕೆಗೆ ಸಿಕ್ಕಿಸಿದ ಉಂಡೆಯು ಬಂಡೆಗಳ ನಡುವೆ ನಿಂತಿರುತ್ತದೆ, ಹೊಳೆಯ ಸೆಳವು ಅದರ ಸತ್ತ್ವವನ್ನು ಕೆಳಕ್ಕೆ ಒಯ್ಯುತ್ತದೆ, ಮೀನು ಆ ಜಾಡನ್ನು ಹಿಡಿದು ಮೇಲಕ್ಕೆ ಬರುತ್ತದೆ. ನಿಂತ ಎರೆ, ಹರಿಯುವ ನೀರು, ಮೂಸುವ ಮೀನು, ಈ ಮೂರೂ ಕೂಡಿದಲ್ಲಿ ಗಂಧವು ಪೂರ್ಣಾರ್ಥದಲ್ಲಿ ಆಕರ್ಷಣವಾಗುತ್ತದೆ. ಬ್ಯಾಸ್ ಮೀನಿನಲ್ಲಿ ಈ ಮೂರೂ ಕೂಡುವುದು ವಿರಳ. ಕಾವೇರಿ ವನ್ಯಧಾಮದಲ್ಲಿ ಮಹಶೀರನ್ನು ಗಾಳದಿಂದ ಹಿಡಿಯುವ ವಿನೋದ ಈಗ ನಿಂತುಹೋಗಿದೆ. ಹೊರಗಿನಿಂದ ತಂದುಬಿಟ್ಟ ನೀಲಿ ರೆಕ್ಕೆಯ ಮಹಶೀರ್‌ಗಳ ಪೈಪೋಟಿ, ಅಣೆಕಟ್ಟು, ಸಿಡಿಮದ್ದಿನ ಬೇಟೆಗಳಿಂದ ನಲುಗಿದ ಕಾವೇರಿಯ ಗೂನುಬೆನ್ನಿನ ಮಹಶೀರ್ ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯನ್ನು 2018ರಲ್ಲಿ ಸೇರಿತು.

ಕೊನೆಯದಾಗಿ, ರುಚಿಯುಳ್ಳ ಎರೆಯನ್ನು ಬಳಸುವವನ ಮೇಲೆ ಬೀಳುವ ಹೊಣೆಯೊಂದುಂಟು. ಬ್ಯಾಸ್ ಹಿಡಿಯುವವರಲ್ಲಿ ಬಹುಮಂದಿ ಹಿಡಿದ ಮೀನನ್ನು ಪುನಃ ನೀರಿಗೆ ಬಿಡುತ್ತಾರೆ. ಹೆಚ್ಚು ಹೊತ್ತು ಬಾಯಲ್ಲಿಟ್ಟುಕೊಂಡ ಮೀನು ಎರೆಯನ್ನು ನುಂಗಿಯೂ ಬಿಡಬಹುದು. ತುಟಿಯಲ್ಲಿ ಸಿಕ್ಕಬೇಕಾದ ಕೊಕ್ಕೆ ಆಗ ಗಂಟಲನ್ನೋ ಅನ್ನನಾಳವನ್ನೋ ಹೊಗುತ್ತದೆ. ಆದುದರಿಂದ ಅಂತಹ ಎರೆಯನ್ನು ಕಟ್ಟಿದವನು ನೂಲಿನ ಮೇಲಿನ ಗಮನವನ್ನು ಕ್ಷಣವೂ ಬಿಡದೆ, ಮೊದಲ ಸುಳಿವಿಗೇ ಕೋಲನ್ನೆತ್ತಬೇಕು. ಇಷ್ಟಾಗಿಯೂ ಕೊಕ್ಕೆ ಆಳಕ್ಕಿಳಿದಿದ್ದರೆ ಅದನ್ನು ಕಿತ್ತು ತೆಗೆಯುವ ಸಾಹಸಕ್ಕೆ ಕೈಹಾಕದೆ, ಕೊಕ್ಕೆಯ ಹತ್ತಿರಕ್ಕೆ ನೂಲನ್ನು ಕತ್ತರಿಸಿ ಮೀನನ್ನು ಬಿಟ್ಟುಬಿಡಬೇಕು. ಹಾಗೆ ಬಿಟ್ಟವುಗಳಲ್ಲಿ ಹಲವು ಬದುಕಿ, ಕಾಲಾಂತರದಲ್ಲಿ ಕೊಕ್ಕೆಯನ್ನು ತಾವೇ ಕಳಚಿಕೊಳ್ಳುತ್ತವೆ. ಹರಿದುಹೋದ ಪ್ಲಾಸ್ಟಿಕ್ ಹುಳುಗಳನ್ನು ನೀರಿಗೆಸೆಯುವ ಅಭ್ಯಾಸವಂತೂ ಅಕ್ಷಮ್ಯ. ರುಚಿಯಿರುವ ಕಾರಣದಿಂದಲೇ ಮೀನು ಅವನ್ನು ನುಂಗುತ್ತದೆ, ಅವು ಹೊಟ್ಟೆಯಲ್ಲಿ ಜೀರ್ಣವಾಗದೆ ಉಳಿಯುತ್ತವೆ. ಅವಕ್ಕೆ ಪೆಟ್ಟಿಗೆಯಲ್ಲಿಯೆ ಒಂದು ಖಾನೆಯನ್ನು ಮೀಸಲಿಟ್ಟು, ಮನೆಗೆ ತಂದು ಕಸದ ಬುಟ್ಟಿಗೆ ಹಾಕತಕ್ಕದ್ದು.